ಫ್ಯಾಮಿಲಿ ಸೆಕ್ಷನ್‌ಗೂ ಬರುವ ಹೊಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋಟೆಲಿನಲ್ಲಿ ಪಕ್ಕದ ಟೇಬಲ್‌ನವರು ಬಿಟ್ಟ ಸಿಗರೇಟು ಹೊಗೆ ಬಗ್ಗೆ ಹೋದ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ಆ ಉತ್ತರ ಓದಿ ತುಂಬ ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ, ಊರು ಮಾತ್ರ ಹಾಕಿದ್ದೇವೆ.

ದಾವಣಗೆರೆಯಿಂದ: ಸರ್, ನಾನು ಒಂದು ಎಸಿ ಬಾರ್ ಅಂಡ್ ರೆಸ್ಟೋರೆಂಟಲ್ಲಿ ಸಪ್ಲೈಯರ್. ಜೀವನದಲ್ಲಿ ಒಂದು ಸಿಗರೇಟೂ ಸೇದಿಲ್ಲ. ಮಧ್ಯಾಹ್ನದಿಂದ ರಾತ್ರಿ ಬಾಗಿಲು ಹಾಕೋವರೆಗೂ ಒಳಗೇ ಇರ್ತೀನಿ. ಮನೆಗೆ ಹೋದ್ರೆ ಶರ್ಟು, ತಲೆಕೂದಲು ಎಲ್ಲ ವಾಸನೆ. ಈಗೀಗ ಬೆಳಗ್ಗೆ ಎದ್ದ ಕೂಡಲೇ ಕೆಮ್ಮು, ಕಣ್ಣುರಿ. ಮಾಲೀಕರನ್ನ ಕೇಳಿದ್ರೆ "ಎಕ್ಸಾಸ್ಟ್ ಫ್ಯಾನ್ ಇದೆಯಲ್ಲಪ್ಪ, ಎಸಿ ಇದೆಯಲ್ಲ" ಅಂತಾರೆ. ಸೇದದೇ ಇರೋ ನನಗೂ ತೊಂದರೆ ಆಗುತ್ತಾ?

ಆಗುತ್ತದೆ. ಮೊದಲು ಕೆಮ್ಮಿನ ವಿಷಯ. ಎರಡು ವಾರ ದಾಟಿದ ಕೆಮ್ಮನ್ನು ಯಾವ ಕಾರಣಕ್ಕೂ ಸುಮ್ನೆ ಬಿಡಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಎದೆ ತೋರಿಸಿ. ದಿನವಿಡೀ ಸಿಗರೇಟು ಹೊಗೆಯಲ್ಲಿ ಕೆಲಸ ಮಾಡುತ್ತೇನೆ ಅನ್ನೋದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಅವರು ಕೇಳದಿದ್ದರೂ ಹೇಳಿ. "ಸೇದ್ತೀರಾ?" ಅಂತ ಕೇಳುತ್ತಾರೆ, ನೀವು ಇಲ್ಲ ಅಂದ ಕೂಡಲೇ ಆ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಇನ್ನು ಹೊಗೆ. ಸಿಗರೇಟಿನಿಂದ ಎರಡು ಥರದ ಹೊಗೆ ಬರುತ್ತದೆ. ಸೇದುವವರು ಒಳಗೆ ಎಳೆದು ಹೊರಗೆ ಬಿಡುವುದು ಒಂದು. ಎರಡು ದಮ್ಮಿನ ನಡುವೆ ಬೆರಳ ಸಂದಿಯಲ್ಲೋ ಆಷ್‌ಟ್ರೇ ಅಂಚಿನಲ್ಲೋ ತನ್ನಷ್ಟಕ್ಕೆ ಸುಡುತ್ತಾ ಇರುತ್ತದಲ್ಲ, ಆ ತುದಿಯಿಂದ ಏಳುವುದು ಇನ್ನೊಂದು. ರೂಮಿನೊಳಗೆ ತುಂಬುವ ಹೊಗೆಯಲ್ಲಿ ಬಹುಪಾಲು ಈ ಎರಡನೆಯದೇ. ಕಡಿಮೆ ಬಿಸಿಯಲ್ಲಿ ಅರೆಬರೆ ಸುಟ್ಟು ಬರುವುದರಿಂದ ಅದರಲ್ಲಿ ವಿಷ ಜಾಸ್ತಿ, ನಡುವೆ ಫಿಲ್ಟರೂ ಇರುವುದಿಲ್ಲ. ತಂಬಾಕು ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಸೇದುವವರು ಅದನ್ನು ಆಗಾಗ ಎಳೆಯುತ್ತಾರೆ, ನೀವು ಉಸಿರಾಡುವ ಪ್ರತಿ ಸಲವೂ ಎಳೆಯುತ್ತೀರಿ.

ಒಂದು ಲೆಕ್ಕ ನೋಡಿ. ಪಿಎಂ 2.5 ಅಂತಾರಲ್ಲ, ಕೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಸಣ್ಣ ಕಣಗಳು, ಅವು ಒಂದು ಸಿಗರೇಟಿನಿಂದ ಸುಮಾರು 10 ಮಿಲಿಗ್ರಾಂ ಗಾಳಿಗೆ ಸೇರುತ್ತವೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ರೂಮಿನಲ್ಲಿ ಇರುವುದು 28 ಘನ ಮೀಟರ್ ಗಾಳಿ. ಬಾಗಿಲು ಕಿಟಕಿ ಹಾಕಿ ಅಲ್ಲಿ ಒಂದೇ ಒಂದು ಸಿಗರೇಟು ಸೇದಿದರೆ ಪ್ರತಿ ಘನ ಮೀಟರ್‌ನಲ್ಲಿ 350 ಮೈಕ್ರೋಗ್ರಾಂ ಆಸುಪಾಸು ಆಗುತ್ತದೆ. ನಮ್ಮ ದೇಶದಲ್ಲಿ ಹೊರಗಿನ ಗಾಳಿಗೆ ಇಟ್ಟಿರುವ ಮಿತಿ 24 ಗಂಟೆಯ ಸರಾಸರಿ 60. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 15. ನಿಮ್ಮ ಬಾರ್ ಇನ್ನೂ ದೊಡ್ಡದಿರಬಹುದು, ಆದರೆ ಅಲ್ಲಿ ಉರಿಯುವುದು ಒಂದು ಸಿಗರೇಟಲ್ಲ ಅಲ್ವಾ?

ಎಸಿ ಇದೆ ಅನ್ನುವ ಮಾತಿಗೆ ಬರುತ್ತೇನೆ. ಗೋಡೆ ಮೇಲೆ ಬಿಳಿ ಪೆಟ್ಟಿಗೆ ಥರ ಇರುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ರೂಮಿನ ಗಾಳಿಯನ್ನು ಮೇಲಿನಿಂದ ಎಳೆದು, ತಣ್ಣಗೆ ಮಾಡಿ, ಕೆಳಗಿನಿಂದ ಅದೇ ರೂಮಿಗೆ ಬಿಡುತ್ತದೆ. ಒಳಗಿರುವ ಬಲೆಯಲ್ಲಿ ಧೂಳು ನಿಲ್ಲುತ್ತದೆ, ಹೊಗೆ ನಿಲ್ಲುವುದಿಲ್ಲ. ತಂಪು ಹೋಗಬಾರದು ಅಂತ ಬಾಗಿಲು ಬೇರೆ ಸದಾ ಹಾಕಿರುತ್ತಾರೆ. ಹಾಗಾಗಿ ಎಸಿ ಹಾಲ್‌ನಲ್ಲಿ ಸಿಗರೇಟು ಹೊಗೆ ಇದ್ದರೆ ಅದು ಫ್ಯಾನ್ ಹಾಕಿದ ಮಾಮೂಲಿ ಹಾಲ್‌ಗಿಂತ ಕೆಟ್ಟದು. ಎಕ್ಸಾಸ್ಟ್ ಫ್ಯಾನ್ ಸ್ವಲ್ಪ ಹೊಗೆಯನ್ನು ಹೊರಗೆ ಹಾಕುತ್ತದೆ, ನಿಜ. ಆದರೆ ಟೇಬಲ್‌ನಿಂದ ಎದ್ದ ಹೊಗೆ ಅಷ್ಟು ದೂರದ ಫ್ಯಾನ್ ತನಕ ಹೋಗುವುದು ನಿಮ್ಮ ಮುಖ ದಾಟಿಕೊಂಡೇ.

ನಿಮಗೆ ಒಂದು ಒಳ್ಳೆ ಸುದ್ದಿಯೂ ಇದೆ. ಸ್ಕಾಟ್ಲೆಂಡಿನಲ್ಲಿ 2006ರ ಮಾರ್ಚ್‌ನಲ್ಲಿ ಬಾರುಗಳೊಳಗೆ ಸೇದುವುದನ್ನು ನಿಲ್ಲಿಸಿದರು. ಅಲ್ಲಿನ ಡಂಡೀ ಕಡೆಯ ಸಂಶೋಧಕರು, ಸೇದುವ ಅಭ್ಯಾಸ ಇಲ್ಲದ ಬಾರ್ ಕೆಲಸಗಾರರನ್ನು ನಿಷೇಧಕ್ಕೆ ಮುಂಚೆಯೂ ಆಮೇಲೂ ಪರೀಕ್ಷೆ ಮಾಡಿದರು. ಮುಂಚೆ ನೂರಕ್ಕೆ 79 ಜನರಿಗೆ ಕೆಮ್ಮು, ಉಬ್ಬಸ, ಕಣ್ಣುರಿ, ಗಂಟಲು ಕೆರೆತ ಇಂಥ ಯಾವುದಾದರೊಂದು ತೊಂದರೆ ಇತ್ತು. ಎರಡು ತಿಂಗಳ ನಂತರ ಅದು 47ಕ್ಕೆ ಇಳಿದಿತ್ತು. ಜನ ಅವರೇ, ಬಾರೂ ಅವೇ. ಬದಲಾಗಿದ್ದು ಗಾಳಿ.

ಕೆಲಸ ಬಿಡಿ ಅಂತ ನಾನು ಹೇಳಲಾರೆ. ಸಂಬಳದ ಕಷ್ಟ ನನಗೂ ಗೊತ್ತು. ಆದರೆ ಇದು ನೀವು ಮಾಲೀಕರ ಹತ್ತಿರ ಕೇಳುವ ಸಹಾಯ ಅಲ್ಲ, ಕಾನೂನು ಅವರ ಮೇಲೆ ಹಾಕಿರುವ ಜವಾಬ್ದಾರಿ. 2016-17ರ ದೇಶವ್ಯಾಪಿ ಸಮೀಕ್ಷೆಯಲ್ಲಿ, ಕಟ್ಟಡದೊಳಗೆ ಕೆಲಸ ಮಾಡುವವರಲ್ಲಿ ನೂರಕ್ಕೆ 30 ಜನ ಕೆಲಸದ ಜಾಗದಲ್ಲೇ ಬೇರೆಯವರ ಹೊಗೆ ಕುಡಿಯುತ್ತಿದ್ದಾರೆ ಅಂತ ಗೊತ್ತಾಗಿತ್ತು. ನೀವು ಒಬ್ಬರೇ ಅಲ್ಲ. ಜೊತೆಯ ಸಪ್ಲೈಯರುಗಳು, ಕ್ಲೀನರ್, ಗಲ್ಲಾದಲ್ಲಿ ಕೂರುವವರು ಎಲ್ಲ ಸೇರಿ ಹೋಗಿ ಮಾತಾಡಿ. ಹೋಗುವ ಮುಂಚೆ ಕೆಳಗಿನ ಉತ್ತರ ಓದಿಕೊಂಡು ಹೋಗಿ, ಕೈಲಿ ಈ ಪುಟ ಇದ್ದರೂ ಒಳ್ಳೆಯದೇ.

ಶಿವಮೊಗ್ಗದಿಂದ: ನಮ್ಮದು 45 ಸೀಟಿನ ರೆಸ್ಟೋರೆಂಟ್. ಸೇದುವ ಗಿರಾಕಿಗಳಿಗೆ ಅಂತ ಒಂದು ಮೂಲೆಯಲ್ಲಿ ಗಾಜಿನ ಪಾರ್ಟಿಷನ್ ಹಾಕಿಸಿ, ಅಲ್ಲೇ ನಾಲ್ಕು ಟೇಬಲ್ ಇಟ್ಟು, ಒಂದು ಒಳ್ಳೆ ಏರ್ ಪ್ಯೂರಿಫೈಯರ್ ಇಡಿಸೋಣ ಅಂತಿದ್ದೇನೆ. ಕಾನೂನಿನಲ್ಲಿ ಅವಕಾಶ ಇದೆ ಅಂತಾರೆ. ಸರಿಯಾಗುತ್ತಾ?

ಕೇಳಿ ಮಾಡುತ್ತಿದ್ದೀರಲ್ಲ, ಅದಕ್ಕೆ ಧನ್ಯವಾದ. ಆದರೆ ನೀವು ಹೇಳಿದ ಹಾಗೆ ಮಾಡಿದರೆ ದುಡ್ಡೂ ದಂಡ, ಕಾನೂನೂ ಮುರಿದ ಹಾಗೆ.

2003ರ ತಂಬಾಕು ನಿಯಂತ್ರಣ ಕಾಯ್ದೆ, ಕೋಟ್ಪಾ ಅಂತಾರಲ್ಲ ಅದು, ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ನಿಷೇಧಿಸಿದೆ. 30 ಅಥವಾ ಹೆಚ್ಚು ಸೀಟಿನ ರೆಸ್ಟೋರೆಂಟು, 30 ಅಥವಾ ಹೆಚ್ಚು ರೂಮಿನ ಹೋಟೆಲು ಮತ್ತು ವಿಮಾನ ನಿಲ್ದಾಣಗಳು ಬೇಕಾದರೆ ಸೇದಲು ಬೇರೆ ಜಾಗ ಮಾಡಬಹುದು ಅಂತ ಅದರಲ್ಲೇ ಇದೆ. ನಿಮ್ಮ ಕಿವಿಗೆ ಬಿದ್ದಿರುವುದು ಇಷ್ಟೇ. ಆ ಜಾಗ ಹೇಗಿರಬೇಕು ಅಂತ 2008ರ ನಿಯಮಗಳಲ್ಲಿ ಹೇಳಿದ್ದಾರೆ, ಅದನ್ನು ಯಾರೂ ಓದುವುದಿಲ್ಲ. ನಾಲ್ಕೂ ಕಡೆ ನೆಲದಿಂದ ಸೂರಿನವರೆಗೆ ಗೋಡೆ ಇರಬೇಕು. ಬಾಗಿಲು ತನ್ನಷ್ಟಕ್ಕೇ ಮುಚ್ಚಿಕೊಳ್ಳಬೇಕು. ಒಳಗಿನ ಗಾಳಿ ನೇರವಾಗಿ ಕಟ್ಟಡದ ಹೊರಗೆ ಹೋಗಬೇಕು, ಉಳಿದ ಭಾಗಕ್ಕೆ ಹೋಗುವ ಗಾಳಿಯ ಜೊತೆ ಬೆರೆಯಬಾರದು. ಆ ರೂಮಿನೊಳಗಿನ ಗಾಳಿಯ ಒತ್ತಡ ಹೊರಗಿನ ಹಾಲ್‌ಗಿಂತ ಕಡಿಮೆ ಇರಬೇಕು, ಅಂದರೆ ಬಾಗಿಲು ತೆಗೆದಾಗ ಹಾಲ್‌ನ ಗಾಳಿ ಒಳಗೆ ಹೋಗಬೇಕೇ ಹೊರತು ಒಳಗಿನದು ಹಾಲ್‌ಗೆ ಬರಬಾರದು. ಹೋಟೆಲಿನ ಒಳಗೆ ಬರುವ ಅಥವಾ ಹೊರಗೆ ಹೋಗುವ ಬಾಗಿಲ ಹತ್ತಿರ ಇರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಆ ರೂಮು ಸೇದುವುದಕ್ಕೆ ಮಾತ್ರ. ಅಲ್ಲಿ ಬೇರೆ ಯಾವ ಸರ್ವಿಸ್ಸೂ ಕೊಡುವಂತಿಲ್ಲ. ನಿಮ್ಮ ನಾಲ್ಕು ಟೇಬಲ್ ಅಲ್ಲಿಗೇ ಹೋಯಿತು. ಊಟ, ಕಾಫಿ, ಬಿಯರ್ ಯಾವುದನ್ನೂ ಒಳಗೆ ಕೊಡಬಾರದು, ಸಪ್ಲೈಯರನ್ನು ಒಳಗೆ ಕಳಿಸಬಾರದು. ದಾವಣಗೆರೆಯ ಸ್ನೇಹಿತರೇ, ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ಬೇರೆಯವರ ಹೊಗೆ ನಡುವೆ ನಿಂತು ಆರ್ಡರ್ ತೆಗೆದುಕೊಳ್ಳುವ ಕೆಲಸ ಕಾನೂನಿನ ಪ್ರಕಾರ ಇರಲೇಬಾರದು.

ಒತ್ತಡ ಸರಿಯಾಗಿದೆಯಾ ಅಂತ ನೋಡಲು ಇಂಜಿನಿಯರೇ ಬೇಕಿಲ್ಲ. ಈಗಾಗಲೇ ಇಂಥ ರೂಮು ಮಾಡಿಕೊಂಡಿರುವವರು ಒಂದು ಊದುಬತ್ತಿ ಹಚ್ಚಿ, ಮುಚ್ಚಿದ ಬಾಗಿಲ ಕೆಳಗಿನ ಸಂದಿಯ ಹತ್ತಿರ, ಹಾಲ್ ಕಡೆಯಿಂದ ಹಿಡಿಯಿರಿ. ಹೊಗೆಯ ಎಳೆ ಬಾಗಿ ಸಂದಿಯೊಳಗೆ ನುಗ್ಗಿದರೆ ಸರಿ. ನೆಟ್ಟಗೆ ಮೇಲಕ್ಕೆ ಹೋದರೆ ಒತ್ತಡದ ವ್ಯತ್ಯಾಸ ಸಾಲದು, ನಿಮ್ಮ ಕಡೆಗೇ ತಳ್ಳಿದರೆ ಆ ರೂಮಿನ ಗಾಳಿ ಹಾಲ್‌ಗೆ ಸೋರುತ್ತಿದೆ. ಆಮೇಲೆ ಒಬ್ಬರು ಬಾಗಿಲು ತೆಗೆದು ಒಳಗೆ ಹೋಗಿ ಬರಲಿ, ಆಗಲೂ ನೋಡಿ. ಹೆಚ್ಚಿನ ಕಡೆ ಸೋಲುವುದು ಅಲ್ಲೇ.

ಪ್ಯೂರಿಫೈಯರ್ ವಿಷಯ. ಒಳ್ಳೆಯ ಹೆಪಾ ಫಿಲ್ಟರ್ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಹೊಗೆ ಅಂದರೆ ಕಣ ಮಾತ್ರ ಅಲ್ಲ. ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲಗಳು ಆ ಫಿಲ್ಟರನ್ನು ಸಲೀಸಾಗಿ ದಾಟಿ ಹೋಗುತ್ತವೆ. ಕಟ್ಟಡಗಳ ಗಾಳಿ, ಎಸಿ ಬಗ್ಗೆ ಮಾನದಂಡ ಬರೆಯುವ ಅಮೆರಿಕದ ಇಂಜಿನಿಯರುಗಳ ಸಂಸ್ಥೆ ಆಶ್ರೇ ಈ ಪ್ರಶ್ನೆಯನ್ನು ಪೂರ್ತಿ ಪರಿಶೀಲಿಸಿ ಹೇಳಿದ್ದು, ಒಳಗಿನ ತಂಬಾಕು ಹೊಗೆಯ ಅಪಾಯವನ್ನು ಹೋಗಲಾಡಿಸಲು ಇರುವ ದಾರಿ ಒಂದೇ, ಒಳಗೆ ಸೇದದೇ ಇರುವುದು ಅಂತ. ಎಸಿ, ವೆಂಟಿಲೇಷನ್ ಕೆಲಸವನ್ನೇ ಮಾಡುವವರು ಇದು ನಮ್ಮ ಯಂತ್ರದಿಂದ ಆಗದು ಅಂದಿದ್ದಾರೆ ಅಂದರೆ ನಾವು ಕೇಳಬೇಕು.

ವ್ಯಾಪಾರ ಹೋಗುತ್ತೆ ಅನ್ನುವ ಭಯ ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಮನಸ್ಸಿನಲ್ಲಿ ಇರಬಹುದು. 2004ರ ಮಾರ್ಚ್ 29ರಂದು ಐರ್ಲೆಂಡ್ ದೇಶ ತನ್ನ ಎಲ್ಲ ಪಬ್ಬುಗಳಲ್ಲಿ ಸೇದುವುದನ್ನು ನಿಲ್ಲಿಸಿತು. ಪಬ್ಬೇ ಊರಿನ ಕಟ್ಟೆ ಆಗಿರುವ ದೇಶ ಅದು. ಜನ ಹೊರಗೆ ಹೋಗಿ ಸೇದಿ ಬಂದು ಮತ್ತೆ ಕೂತರು, ಆಮೇಲೆ ಒಂದೊಂದಾಗಿ ಎಷ್ಟೋ ದೇಶಗಳು ಅದನ್ನೇ ಮಾಡಿದವು. ನಮ್ಮ ದರ್ಶಿನಿಗಳನ್ನೇ ನೋಡಿ, ಒಳಗೆ ಯಾರೂ ಸೇದುವುದಿಲ್ಲ, ಜನ ಕಿಕ್ಕಿರಿದಿರುತ್ತಾರೆ. ಗಾಜಿನ ದುಡ್ಡು ಉಳಿಸಿ. ಇಡೀ ಹಾಲನ್ನು ಹೊಗೆ ಇಲ್ಲದ ಜಾಗ ಮಾಡಿ. ಅಜ್ಜಿ, ಮಗು ಕರೆದುಕೊಂಡು ಬರುವ ಕುಟುಂಬಗಳು ನಿಮ್ಮನ್ನು ಹುಡುಕಿಕೊಂಡು ಬರುತ್ತವೆ.

ಹಾಂ, ಹುಕ್ಕಾ ಬಗ್ಗೆ ಯಾರಾದರೂ ಆಸೆ ತೋರಿಸಿದರೆ ಖಂಡಿತ ಬೇಡ. ಕೋಟ್ಪಾಕ್ಕೆ ಕರ್ನಾಟಕ ತಂದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ.

ಹುಬ್ಬಳ್ಳಿಯಿಂದ: ಬಸ್ ಸ್ಟ್ಯಾಂಡಿನಾಗ ಸೇದಬ್ಯಾಡ್ರಿ ಅಂದ್ರ "ಇದು ಬಯಲು ಜಾಗ, ಕಾನೂನು ಇಲ್ಲ" ಅಂತಾರ. ಖರೇ ಏನ್ರಿ?

ಖರೇ ಅಲ್ಲ. ಕಾಯ್ದೆಯಲ್ಲಿ ಬಯಲು ಜಾಗವನ್ನು ಬಿಟ್ಟಿದ್ದಾರೆ, ಅದನ್ನೇ ಹಿಡಿದುಕೊಂಡು ಹೇಳುತ್ತಾರೆ. ಆದರೆ ಬಸ್ ಸ್ಟ್ಯಾಂಡು, ಬಸ್ ಸ್ಟಾಪು, ರೈಲು ನಿಲ್ದಾಣ, ಸ್ಟೇಡಿಯಂ, ಬಯಲು ರಂಗಮಂದಿರ ಇವೆಲ್ಲ ಆ 'ಬಯಲು ಜಾಗ'ದಲ್ಲಿ ಸೇರುವುದಿಲ್ಲ ಅಂತ 2008ರ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ಮುಂಚೆ ದಂಡ 200 ರೂಪಾಯಿವರೆಗೆ ಇತ್ತು, ನಮ್ಮ ರಾಜ್ಯದಲ್ಲಿ ಈಗ 1,000 ರೂಪಾಯಿವರೆಗೆ. ಉಗುಳುವುದಕ್ಕೂ ಅಷ್ಟೇ.

ಬೆಂಗಳೂರಿನಿಂದ: ನಾನು ಸೇದುತ್ತೇನೆ, ಮುಚ್ಚುಮರೆ ಇಲ್ಲ. ಆದರೆ ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತರೆ ಕುಡಿಯುವ ಹೊಗೆ ಏನು ಕಮ್ಮಿನಾ? ಎಲ್ಲರೂ ನಮ್ಮ ಮೇಲೇ ಯಾಕೆ ಬೀಳ್ತೀರಿ? ನಾನು ಕಿಟಕಿ ಹತ್ತಿರ ನಿಂತೇ ಸೇದೋದು.

ಟ್ರಾಫಿಕ್ ಹೊಗೆ ಕಮ್ಮಿ ಅಂತ ಯಾರೂ ಹೇಳುತ್ತಿಲ್ಲ. ಅದರ ಬಗ್ಗೆಯೂ ಈ ಅಂಕಣದಲ್ಲಿ ಬರೆಯುತ್ತೇವೆ, ಬರೆಯಲೇಬೇಕು. ಆದರೆ ರಸ್ತೆಯ ಹೊಗೆಗೆ ಆಕಾಶ ಇದೆ, ರೂಮಿನ ಹೊಗೆಗೆ ಸೂರು ಅಡ್ಡ ಇದೆ. ಮೇಲೆ ಹಾಕಿದ 350ರ ಲೆಕ್ಕ ನೋಡಿದಿರಲ್ಲ, ಅದು ಒಂದೇ ಸಿಗರೇಟಿನದು. ಮತ್ತೆ ಊರಿನ ಗಾಳಿ ಸರಿಮಾಡಲು ಬಸ್ಸು, ಮೆಟ್ರೊ, ಇಂಧನ ಅಂತ ವರ್ಷಗಟ್ಟಲೆ ಬೇಕು, ಒಂದು ರೂಮಿನ ಗಾಳಿ ಸರಿಮಾಡಲು ನೀವು ನಾಲ್ಕು ಹೆಜ್ಜೆ ಹೊರಗೆ ಹೋದರೆ ಸಾಕು.

ಕಿಟಕಿ ವಿಷಯಕ್ಕೆ ಬಂದರೆ, ಗಾಳಿ ಹೊರಗಿನಿಂದ ಒಳಗೆ ಬೀಸುತ್ತಿದ್ದರೆ ಕಿಟಕಿಯಲ್ಲಿ ಬಿಟ್ಟ ಹೊಗೆ ಪೂರ್ತಿ ಒಳಗೇ ಬರುತ್ತದೆ. ಕೈಲಿ ಸುಡುತ್ತಿರುವ ತುದಿಯ ಹೊಗೆ ಹೇಗೂ ಒಳಗೇ. ನಿಮ್ಮ ಪಕ್ಕ ಇರುವವರಿಗೆ ಏನಾಗುತ್ತದೆ ಅಂದರೆ, ಅಭ್ಯಾಸ ಇಲ್ಲದವರು ಮನೆಯಲ್ಲೋ ಕೆಲಸದಲ್ಲೋ ಈ ಹೊಗೆಯಲ್ಲಿ ಬದುಕಿದರೆ ಹೃದಯದ ಕಾಯಿಲೆಯ ಅಪಾಯ ನೂರಕ್ಕೆ 25ರಿಂದ 30, ಶ್ವಾಸಕೋಶದ ಕ್ಯಾನ್ಸರ್ ಅಪಾಯ 20ರಿಂದ 30ರಷ್ಟು ಹೆಚ್ಚುತ್ತದೆ. ಇದು ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿ, 2006ರಲ್ಲಿ ಕೊಟ್ಟ ವರದಿಯಲ್ಲಿರುವುದು. ಇಷ್ಟಕ್ಕಿಂತ ಕಡಿಮೆ ಆದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತಲೂ ಅದರಲ್ಲಿದೆ. ಜಪಾನಿನಲ್ಲಿ 2001ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಆರೋಗ್ಯವಾಗಿದ್ದ, ಸೇದದ ಯುವಕರು ಅರ್ಧ ಗಂಟೆ ಇಂಥ ಹೊಗೆಯಲ್ಲಿ ಕೂತಿದ್ದಕ್ಕೇ ಅವರ ಹೃದಯದ ರಕ್ತನಾಳಗಳು ಬೇಕಾದಾಗ ರಕ್ತ ಹೆಚ್ಚಿಸಿಕೊಳ್ಳುವ ಶಕ್ತಿ ಕಡಿಮೆಯಾಗಿತ್ತು. ನಿಮ್ಮ ಸಿಲ್ಕ್ ಬೋರ್ಡ್‌ನ ಅರ್ಧ ಗಂಟೆಯಷ್ಟೇ ಹೊತ್ತು.

ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಬಿಡುವುದು ಎಷ್ಟು ಕಷ್ಟ ಅಂತ ಬಿಡಲು ನೋಡಿದವರಿಗೆ ಗೊತ್ತು, ನಿಕೋಟಿನ್ ಹಿಡಿತ ಅಂಥದ್ದು. ಬಿಡುವ ಮನಸ್ಸು ಬಂದ ದಿನ 1800-11-2356ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಕೂಡ ಈ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ, ದಯವಿಟ್ಟು, ಒಳಗೆ ಬೇಡ.

ಮೈಸೂರಿನಿಂದ: ನನಗೆ ಈಗ ಐದು ತಿಂಗಳು. ಆಫೀಸಿನ ಮೆಟ್ಟಿಲ ಹತ್ತಿರ ಗಂಡಸರು ನಿಂತು ಸೇದುತ್ತಾರೆ, ಅದರಲ್ಲಿ ನಮ್ಮ ಮ್ಯಾನೇಜರೂ ಒಬ್ಬರು. ಲಿಫ್ಟ್ ಕೆಟ್ಟರೆ ಆ ಹೊಗೆಯಲ್ಲೇ ಹತ್ತಬೇಕು. ಹೇಳಿದರೆ ತಪ್ಪು ತಿಳಿಯುತ್ತಾರೇನೋ.

ತಪ್ಪು ತಿಳಿದರೆ ತಿಳಿಯಲಿ ತಾಯಿ, ಹೇಳಲೇಬೇಕು. ಗರ್ಭಿಣಿಯರು ಬೇರೆಯವರ ಹೊಗೆ ಕುಡಿದರೆ ಮಗುವಿನ ತೂಕ ಕಡಿಮೆಯಾಗುತ್ತದೆ. ಹುಟ್ಟಿದ ಮೇಲೂ ಇಂಥ ಹೊಗೆಯಲ್ಲಿ ಬೆಳೆಯುವ ಮಕ್ಕಳಿಗೆ ಕಿವಿ ಸೋಂಕು, ಕಫ, ದಮ್ಮು ಜಾಸ್ತಿ.

ನಿಮಗೆ ಮ್ಯಾನೇಜರ್ ಎದುರು ನಿಂತು ಹೇಳುವುದು ಕಷ್ಟ ಆದರೆ ಬೇರೆ ದಾರಿ ಇದೆ. ಆಫೀಸು ಕೂಡ ಸಾರ್ವಜನಿಕ ಜಾಗವೇ. ಒಳಗೆ ಬರುವ ಪ್ರತಿ ಬಾಗಿಲಲ್ಲೂ, ಪ್ರತಿ ಮಹಡಿಯಲ್ಲೂ, ಮೆಟ್ಟಿಲ ಹತ್ತಿರವೂ 'ಧೂಮಪಾನ ನಿಷೇಧಿತ ಪ್ರದೇಶ, ಇಲ್ಲಿ ಧೂಮಪಾನ ಮಾಡುವುದು ಅಪರಾಧ' ಅನ್ನುವ ಬೋರ್ಡ್ ಇರಬೇಕು, ಕನಿಷ್ಠ 60 ಸೆಂಟಿಮೀಟರ್ ಅಗಲ, 30 ಎತ್ತರ. ಯಾರಿಗೆ ದೂರು ಕೊಡಬೇಕು ಅಂತ ಒಬ್ಬರ ಹೆಸರನ್ನೂ ಕಾಣುವ ಹಾಗೆ ಹಾಕಿರಬೇಕು. ಈ ಬೋರ್ಡ್ ಹಾಕಿಸಿ ಅಂತ ಎಚ್‌ಆರ್‌ಗೆ ಒಂದು ಈಮೇಲ್ ಬರೆಯಿರಿ, ಜೊತೆಗೆ ಇನ್ನಿಬ್ಬರು ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಯಾರ ಹೆಸರೂ ಬರೆಯಬೇಕಾಗಿಲ್ಲ. ಬೋರ್ಡ್ ಬಂದ ಮೇಲೆ ಅದರ ಕೆಳಗೆ ನಿಂತು ಸೇದುವುದು ಮ್ಯಾನೇಜರಿಗೂ ಕಷ್ಟ. ಅಲ್ಲಿಯವರೆಗೆ ಅವರು ಟೀ ಬ್ರೇಕಿಗೆ ಹೋಗುವ ಹೊತ್ತು ಬಿಟ್ಟು ಮೆಟ್ಟಿಲು ಹತ್ತಿ, ಮತ್ತೆ ಮುಂದಿನ ಸಲ ಚೆಕಪ್‌ಗೆ ಹೋದಾಗ ಡಾಕ್ಟರಿಗೂ ಹೇಳಿ.

ಚಿತ್ರದುರ್ಗದಿಂದ: ಹೊಗೆ ಅಂದ್ರೆ ಬೀಡಿ ಸಿಗರೇಟು ಅಷ್ಟೇನಾ? ನಮ್ಮ ಕಡೆ ಕಲ್ಯಾಣ ಮಂಟಪದಲ್ಲಿ ಹೋಮದ ಹೊಗೆ, ಮನೇಲಿ ಊದುಬತ್ತಿ, ಸೊಳ್ಳೆಬತ್ತಿ. ಇವೆಲ್ಲ ಪರವಾಗಿಲ್ವಾ?

ಉರಿಯುವ ಯಾವ ವಸ್ತುವಿನಿಂದಲೂ ಸಣ್ಣ ಕಣ ಬರುತ್ತದೆ, ದೇವರ ಮುಂದೆ ಹಚ್ಚಿದ್ದಾದರೂ ಅಷ್ಟೇ. ಪೂಜೆಗೆ ಒಂದು ಊದುಬತ್ತಿ ಹಚ್ಚಿ ಕಿಟಕಿ ತೆಗೆದಿಡಿ, ಸಾಕು. ಸೊಳ್ಳೆಬತ್ತಿ ಮಾತ್ರ ಮುಚ್ಚಿದ ರೂಮಿನಲ್ಲಿ ರಾತ್ರಿಯಿಡೀ ಬೇಡ, ಪರದೆ ಕಟ್ಟಿ. ಮಂಟಪದಲ್ಲಿ ಹೋಮಕ್ಕೆ ಎಸಿ ಹಾಲ್ ಬಿಟ್ಟು ಅಂಗಳದ ಕಡೆ ಜಾಗ ಕೇಳಿ, ದಮ್ಮು ಇರುವ ಹಿರಿಯರನ್ನು ಬಾಗಿಲ ಹತ್ತಿರ ಕೂರಿಸಿ.

ಕಲಬುರಗಿಯಿಂದ: ಹೋಟೆಲಿನಲ್ಲಿ ಯಾರಾದರೂ ಸೇದಿದರೆ ಅವರ ಜೊತೆ ಜಗಳ ಆಡಬೇಕಾ? ನನ್ನ ತಮ್ಮನಿಗೆ ಹಾಗೇ ಆಗಿ ಕೈ ಕೈ ಮಿಲಾಯಿಸಿದರು.

ಬೇಡವೇ ಬೇಡ. ಸೇದುವವರ ಹತ್ತಿರ ಹೋಗಲೇಬೇಡಿ, ನೇರ ಗಲ್ಲಾಕ್ಕೆ ಹೋಗಿ. ಸೇದದಂತೆ ನೋಡಿಕೊಳ್ಳುವ ಹೊಣೆ ಮಾಲೀಕರದು, ಮ್ಯಾನೇಜರದು. ಟೇಬಲ್ ಮೇಲೆ ಆಷ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವುದೂ ತಪ್ಪು. ನೀವು ದೂರು ಕೊಟ್ಟ ಮೇಲೂ ಅವರು ಸುಮ್ಮನಿದ್ದರೆ ಅಲ್ಲಿ ಎಷ್ಟು ಜನ ಸೇದಿದರೋ ಅಷ್ಟೂ ಜನರ ದಂಡ ಮಾಲೀಕರ ತಲೆಗೆ ಬರಬಹುದು. ಮೆಲ್ಲಗೆ ಅದನ್ನು ಹೇಳಿ. "ಮಗು ಇದೆ, ಹೊಗೆ ಬರ್ತಿದೆ, ದಯವಿಟ್ಟು ನೀವೇ ಹೇಳಿ" ಅಂದರೆ ಹತ್ತರಲ್ಲಿ ಎಂಟು ಸಲ ಕೆಲಸ ಆಗುತ್ತದೆ. ಆಗದಿದ್ದರೆ ಬೋರ್ಡ್‌ನಲ್ಲಿರುವ ಹೆಸರು ನೋಡಿ, ಅದೂ ಇಲ್ಲದಿದ್ದರೆ ಪೊಲೀಸ್ ಠಾಣೆಗೆ ಬರೆದು ಕೊಡಿ, ಸಬ್ ಇನ್‌ಸ್ಪೆಕ್ಟರ್‌ಗೆ ದಂಡ ಹಾಕುವ ಅಧಿಕಾರ ಇದೆ. ರೈಲು ನಿಲ್ದಾಣವಾದರೆ ಸ್ಟೇಷನ್ ಮಾಸ್ಟರ್‌ಗೆ. ಹೋಟೆಲಿನ ಹೆಸರು, ದಿನ, ಹೊತ್ತು ಬರೆದಿಟ್ಟುಕೊಳ್ಳಿ, ಬಿಲ್ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಸೇದುತ್ತಿರುವವರ ಫೋಟೊ ತೆಗೆಯಲು ಹೋಗಬೇಡಿ, ಜಗಳ ಶುರುವಾಗುವುದು ಅಲ್ಲೇ. ಖಾಲಿ ಟೇಬಲ್ ಮೇಲಿನ ಆಷ್‌ಟ್ರೇ ಫೋಟೊ ಸಾಕು.